ಸಹಾಯ ಬೇಕು: ಅಂತರರಾಷ್ಟ್ರೀಯ ಸಂಬಂಧ ಓದಿದವರು ಕೃಷಿ ರಫ್ತು ಉತ್ತೇಜನದ ಕೆಲಸಕ್ಕೆ ಸೇರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮುಗಿಸುತ್ತಿದ್ದೇನೆ. ಜೊತೆಯವರೆಲ್ಲ ಭದ್ರತೆ, ವಿದೇಶಾಂಗ ನೀತಿ ಅಂತ ಹೊರಟಿದ್ದಾರೆ; ನನಗೆ ಆಸೆ ಇರುವುದು ರೈತರ ಬೆಳೆಗೆ ಹೊರದೇಶದ ಮಾರುಕಟ್ಟೆ ತೆರೆಸುವ ಕೆಲಸದಲ್ಲಿ.

ಸುಂಕ ಇಳಿದರೆ ಸಾಕು, ರಫ್ತು ತಾನಾಗಿ ಏರುತ್ತದೆ ಎಂದುಕೊಂಡವರೇ ಹೆಚ್ಚು. ಆದರೆ ಎಷ್ಟೋ ಸಲ ಹಗ್ಗಜಗ್ಗಾಟ ನಡೆಯುವುದು ಕೀಟ, ರೋಗ, ಕೀಟನಾಶಕದ ಉಳಿಕೆಯ ಸುತ್ತ. ಯುರೋಪಿಯನ್ ಒಕ್ಕೂಟದಲ್ಲಿ ಪ್ರತ್ಯೇಕ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಗಡಿ. ಅದನ್ನು ದಾಟಿದರೆ ತುಂಬಿದ ಕಂಟೇನರ್ ಬಂದರಿನಲ್ಲೇ ನಿಂತುಬಿಡಬಹುದು. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಎಸ್‌ಪಿಎಸ್ ಒಪ್ಪಂದದ (ಆಹಾರ ಸುರಕ್ಷತೆ, ಪ್ರಾಣಿ ಮತ್ತು ಸಸ್ಯಗಳ ಆರೋಗ್ಯದ ನಿಯಮಗಳ ಒಪ್ಪಂದ) ಪ್ರಕಾರ ಇಂಥ ನಿಯಮಗಳಿಗೆ ವೈಜ್ಞಾನಿಕ ಆಧಾರ ಇರಬೇಕು. ಅಲ್ಲಿ ಕೂತು ವಾದಿಸಲು ರಾಜತಂತ್ರವೂ ಗೊತ್ತಿರಬೇಕು, ಬೆಳೆಯೂ ಗೊತ್ತಿರಬೇಕು. ಎರಡನೆಯದು ನನ್ನಲ್ಲಿ ಕಡಿಮೆ.

ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಹೇಳಿ: ಕೃಷಿ ಅರ್ಥಶಾಸ್ತ್ರದಲ್ಲಿ ಇನ್ನೊಂದು ಪದವಿ ಮಾಡಲೇ? ಅಥವಾ ರಫ್ತು ಕಂಪನಿಯ ದಾಖಲೆ ವಿಭಾಗ ಸೇರಿ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ಬೆಳೆಯಲ್ಲಿ ಕೀಟ, ರೋಗ ಇಲ್ಲವೆಂಬ ಸರ್ಕಾರಿ ಪ್ರಮಾಣಪತ್ರ), ಎಚ್‌ಎಸ್ ಕೋಡ್ (ಸರಕನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಖ್ಯೆ), ಇನ್‌ಕೋಟರ್ಮ್ಸ್ (ಸಾಗಣೆಯ ಖರ್ಚು, ಅಪಾಯ ಯಾರದೆಂದು ಹೇಳುವ ವ್ಯಾಪಾರ ಷರತ್ತುಗಳು) ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿಯಲೇ? ನನಗೆ ಈ ಎರಡನೆಯ ದಾರಿಯೇ ಸರಿ ಅನಿಸುತ್ತದೆ, ಮನೆಯವರು ಒಪ್ಪುತ್ತಿಲ್ಲ.

ಜಿನೀವಾದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್, ರೋಮಿನ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಇಲ್ಲೆಲ್ಲ ಇಂಟರ್ನ್ ಆಗಿದ್ದವರು ಇದ್ದರೆ, ಅರ್ಜಿಯಲ್ಲಿ ಮುಖ್ಯವಾಗಿ ಏನು ನೋಡುತ್ತಾರೆ ತಿಳಿಸಿ. ಫ್ರೆಂಚ್ ಶುರು ಮಾಡಿದ್ದೇನೆ. ಈ ಕೆಲಸಕ್ಕೆ ಸ್ಪ್ಯಾನಿಷ್ ಹೆಚ್ಚು ಉಪಯೋಗವಾಗುತ್ತದೆಯೇ?