ಅಪ್‌ಡೇಟ್: ಕುರಿ ಲಿವರಿನ ನೀರುಗುಳ್ಳೆ, ತಿಂದ ನಾಯಿಗೆ ಯಾವ ಮದ್ದು?

ಬ್ರಹ್ಮಾವರದಿಂದ ಕೇಳಿದ್ದೆ: ಕಡಿದ ಕುರಿಯ ಲಿವರಿನಲ್ಲಿ ನೀರುಗುಳ್ಳೆ ಇತ್ತು, ನಾಯಿ ಒಂದೆರಡು ತುಂಡು ತಿಂದಿದೆ, ಏನು ಮಾಡುವುದು ಅಂತ. ಉಳಿದ ತುಂಡು ನೋಡಿದ ಪಶುವೈದ್ಯರು ಹೈಡಾಟಿಡ್ ಅಂದರು, ಅಂದರೆ ಲಾಡಿಹುಳುವಿನ ಮರಿಗಳಿರುವ ಗುಳ್ಳೆ. ದಪ್ಪ ಬಿಳಿ ಗೋಡೆ, ಒಳಗೆ ತಿಳಿನೀರು, ತಳದಲ್ಲಿ ಮರಳಿನಂಥ ಕಣ. ಆ ಕಣಗಳೇ ನಾಯಿಯ ಕರುಳಲ್ಲಿ ಲಾಡಿಹುಳುಗಳಾಗುವುದು.

ಮದ್ದು ಪ್ರಾಜಿಕ್ವಾಂಟೆಲ್, ಕೆಜಿ ತೂಕಕ್ಕೆ 5 ಮಿ.ಗ್ರಾಂ, 15 ಕೆಜಿ ನಾಯಿಗೆ 75. ಬರೀ ಪೈರಾಂಟೆಲ್ ಇರುವ ಜಂತುಮಾತ್ರೆ ಇದಕ್ಕೆ ದಂಡ, ಸ್ಟ್ರಿಪ್ಪಿನ ಹಿಂದೆ ಓದಿಯೇ ತನ್ನಿ. ಮದ್ದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಹೇಲನ್ನು ಗ್ಲೌಸ್ ಹಾಕಿ ಎತ್ತಿ ಸುಡಬೇಕು. ಫಿನಾಯಿಲಿಗೆಲ್ಲ ಮೊಟ್ಟೆ ಜಗ್ಗುವುದಿಲ್ಲ, ನೆಲಕ್ಕೆ ಕುದಿನೀರೇ ಸರಿ. ಹುಳು ಅರ್ಧ ಸೆಂಟಿಮೀಟರಿನಷ್ಟು ಮಾತ್ರ. ಕಣ್ಣಿಗೆ ಬೀಳಲಿಲ್ಲ ಅಂತ ಸುಮ್ಮನಾಗಬೇಡಿ.

ಗುಳ್ಳೆಯಿದ್ದ ಲಿವರ್, ಶ್ವಾಸಕೋಶವನ್ನು ಸುಡಿ, ಇಲ್ಲವೇ 40 ನಿಮಿಷ ಕುದಿಸಿ. ನಮ್ಮ ಮಳೆಗಾಲದಲ್ಲಿ ಹೂಳುವುದು ಬೇಡ: ಗುಂಡಿಗೆ ನೀರು ತುಂಬುತ್ತದೆ, ಬೀದಿನಾಯಿ ಕೆದಕುತ್ತದೆ. ಹಸಿ ಕರುಳು-ಲಿವರ್ ಸಿಗುವ ನಾಯಿಗೆ ಆರು ವಾರಕ್ಕೊಮ್ಮೆ ಮಾತ್ರೆ. ಹುಳು ಮೊಟ್ಟೆಯಿಡಲು ಹೆಚ್ಚುಕಮ್ಮಿ ಅಷ್ಟು ದಿನ ಬೇಕು.

"ಮಟನ್ ತಿಂದರೆ ಬರುತ್ತದಾ?" ಅಂತ ಕೆಲವರು ಕೇಳಿದ್ದಿರಿ. ಇಲ್ಲ. ಮನುಷ್ಯರಿಗೆ ಈ ಗುಳ್ಳೆ ಬರುವುದು ನಾಯಿ ಹೇಲಿನಲ್ಲಿರುವ ಹುಳುವಿನ ಮೊಟ್ಟೆಯಿಂದ. ನನಗೆ ಹೆಚ್ಚು ಹೆದರಿಕೆ ತೋಟದ ಅಂಚಿನ ಒಂದೆಲಗದ್ದು, ಚಟ್ನಿಗೆ ಹಸಿಯಾಗಿಯೇ ಅರೆಯುತ್ತೇವಲ್ಲ! ನಾಯಿ ಓಡಾಡುವಲ್ಲಿ ಕೀಳಬೇಡಿ. ಮನೆಯವರಿಗೆ ಸಂಶಯವಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಲಿವರಿನ ಗುಳ್ಳೆ ಬೆಳೆಯಲು ವರ್ಷಗಳೇ ಹಿಡಿಯುವುದರಿಂದ ಈಗಿನದ್ದು ಈಗಲೇ ಕಾಣುವುದಿಲ್ಲ.