ಹಳೇ ಮಿನಿ ಟ್ರಾಕ್ಟರಿನ ಎದುರು ಚಕ್ರದಲ್ಲಿ ಶಬ್ದ: ಬೇರಿಂಗ್ ಬದಲಿಸಿದವರು ತಿಳಿಸಿ

ಪೆರ್ಲ: ಅಡಿಕೆ ತೋಟದ ಹಳೇ ಮಿನಿ ಟ್ರಾಕ್ಟರ್. ಎದುರಿನ ಎಡ ಚಕ್ರ ಗುರ್ರ್ ಅಂತದೆ, ಜಾಕ್ ಕೊಟ್ಟು ಅಲುಗಿಸಿದರೆ ಲೊಡಕ್ ಅಂತದೆ. ಬೇರಿಂಗ್ ಮಾತ್ರ ಸಾಕಾ, ಅದು ಕೂರುವ ಚಕ್ರದ ನಡುಭಾಗ, ಹಬ್ಬೂ ಬೇಕಾ?

ಬದಿಯಡ್ಕ: ನಮ್ಮದರಲ್ಲಿ ಬಾಲ್ ಬೇರಿಂಗ್, 6205 ನಂಬರಿನದ್ದು ಎರಡು. ಒಳ ವ್ಯಾಸ 25, ಹೊರ ವ್ಯಾಸ 52, ದಪ್ಪ 15 ಮಿ.ಮೀ. ಎರಡರ ನಡುವೆ ಒಂದು ಸ್ಪೇಸರ್ ಕೊಳವೆ ಇರ್ತದೆ. ಹಿಂದೆ ಬಿಚ್ಚಿದ ಮೆಕ್ಯಾನಿಕ್ ಅದನ್ನು ಹಾಕದೇ ನಟ್ ಬಿಗಿದಿದ್ದ. ಒಳಗಿನ ರೇಸು, ಅಂದರೆ ಬೇರಿಂಗಿನ ಉಕ್ಕಿನ ಬಳೆ, ಎರಡೂ ಹತ್ತಿರ ಎಳೆದುಕೊಂಡು ಬಾಲ್‌ಗಳಿಗೆ ಅಡ್ಡ ಒತ್ತಡ ಬಿದ್ದು, ಹೊಸ ಬೇರಿಂಗ್ ಹನ್ನೊಂದನೇ ದಿನಕ್ಕೆ ನೀಲಿ ತಿರುಗಿ ಹೋಯ್ತು. ಬೇರಿಂಗಿಗೆ ಎರಡು ಸಲ 520 ರೂಪಾಯಿ, ನೀರು ತಡೆಯುವ ಸೀಲಿಗೆ 90, ಕೊಳವೆ ಲೇತಿನಲ್ಲಿ ಮಾಡಿಸಿದ್ದಕ್ಕೆ 250. ನೆನೆಸಿದರೆ ಇವತ್ತಿಗೂ ಹೊಟ್ಟೆ ಉರಿತದೆ.

ಮುಳ್ಳೇರಿಯ: ಕೊಳವೆ ಮತ್ತೆ ನೋಡುವ. ಹೊರಗಿನ ರೇಸು ಹಬ್ಬಿನಿಂದ ಕೈಯಲ್ಲೇ ಜಾರಿ ಬಂದರೆ ಹಬ್ ತೇದಿದೆ ಅಂತ ಲೆಕ್ಕ. ಚಕ್ರದಲ್ಲಿ ಹಬ್ಬೇ ತಿರುಗುವುದು, ಹಾಗಾಗಿ ಹೊರಗಿನದ್ದು ಬಿಗಿ ಇರಬೇಕು. ನಾನು ಹಬ್ಬಿನೊಳಗೆ ಸೆಂಟರ್ ಪಂಚ್‌ನಿಂದ ಸುತ್ತಲೂ ಚುಕ್ಕೆ ಹೊಡೆದು ಕೂರಿಸಿದೆ. ಖರ್ಚು ಸೊನ್ನೆ, ಎರಡು ಮಳೆಗಾಲ ಕಳೆದಿದೆ.

ಕುಂಬಳೆ: ದಯವಿಟ್ಟು ಇದನ್ನು ಯಾರೂ ಮಾಡ್ಬೇಡಿ! ಚುಕ್ಕೆಯ ತುದಿ ಚಪ್ಪಟೆ ಆದ ಕೂಡಲೇ ರೇಸು ಮತ್ತೆ ಸುತ್ತುತ್ತದೆ, ಹಬ್ ಇನ್ನೂ ತಿನ್ನುತ್ತದೆ. ನಮ್ಮದಕ್ಕೆ ಹಬ್ಬಿನ ತೂತನ್ನು ಲೇತಿನಲ್ಲಿ ದೊಡ್ಡ ಮಾಡಿ, ಒಳಗೆ ಸ್ಲೀವ್ (ಹೊಸ ಬಳೆ) ಕೂರಿಸಿದ್ದಕ್ಕೆ 1,400 ಆಯ್ತು, ಒಂದು ಪೈಸೆ ದಂಡ ಅಲ್ಲ. ಕೂರಿಸುವಾಗ ಹಳೇ ಬೇರಿಂಗಿನ ಹೊರ ರೇಸನ್ನೇ ಸ್ವಲ್ಪ ಗ್ರೈಂಡ್ ಮಾಡಿ ಹೊಸದರ ಹೊರ ರೇಸಿನ ಮೇಲಿಟ್ಟು ಬಡಿಯಿರಿ. ಒಳ ರೇಸಿಗೆ ಪೆಟ್ಟು ಕೊಟ್ಟರೆ ಬಾಲ್‌ಗಳು ಓಡುದಾರಿಯಲ್ಲಿ ಗುಳಿ ಮಾಡ್ತವೆ, ಮೊದಲ ದಿನವೇ ಗುರ್ರ್.

ಮುಳ್ಳೇರಿಯ: 1,400 ಕೊಡುವವರು ಕೊಡಿ. ತೋಟದಲ್ಲಿ ಎಷ್ಟು ವೇಗ ಹೋಗ್ತದೆ ಗಾಡಿ?

ಮಂಜೇಶ್ವರ: ವೇಗ ಅಲ್ಲ ಸ್ವಾಮೀ, ನೀರು! ನಮ್ಮ ಗಾಡಿ ತೋಡು ದಾಟುವುದು ದಿನಾ. ಬಿಚ್ಚಿದಾಗ ಹಬ್ಬಿನಿಂದ ಬಂದದ್ದು ಗ್ರೀಸಲ್ಲ, ಚಹಾ ಬಣ್ಣದ ನೀರು, ತಳದಲ್ಲಿ ಕೆಂಪು ಮಣ್ಣು. ಬೇರಿಂಗ್ ಹೊಸದು, ಸೀಲ್ ಹಳೇದು, ಅದೇ ತಪ್ಪು. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರಿಗೆ ಗೀರು ಸಿಕ್ಕಿದರೆ ಹೊಸ ಸೀಲೂ ನಿಲ್ಲುವುದಿಲ್ಲ, ಸೀಲನ್ನು ಎರಡು ಮಿ.ಮೀ. ಈಚೆ ಕೂರಿಸಿ. ಬೇರಿಂಗ್ ಟೂ ಆರ್‌ಎಸ್ ತೆಗೆದುಕೊಳ್ಳಿ, ಎರಡೂ ಬದಿ ರಬ್ಬರ್. ಝಡ್ ಝಡ್ ಅಂದರೆ ತಗಡಿನ ಮುಚ್ಚಳ, ಧೂಳಿಗೆ ಸಾಕು, ತೋಡಿಗೆ ಸಾಲದು. ಹಬ್ ತುಂಬ ಗ್ರೀಸ್ ತುಂಬಿಸಿ.

ಕುಂಬಳೆ: ಹಬ್ ತುಂಬ ಯಾಕೆ? ಮೂರರಲ್ಲೊಂದು ಪಾಲು ಸಾಕು, ಜಾಸ್ತಿ ಆದರೆ ಬಿಸಿ.

ಮಂಜೇಶ್ವರ: ಆ ಲೆಕ್ಕ ಮೋಟಾರಿಗೆ. ನಿಧಾನ ತಿರುಗುವ ಚಕ್ರಕ್ಕೆ ಗ್ರೀಸೇ ನೀರಿಗೆ ಕಟ್ಟ.

ಬದಿಯಡ್ಕ: ಟೂ ಆರ್‌ಎಸ್ ಹಾಕಿದ ಮೇಲೆ ಹಬ್ಬಿನ ಗ್ರೀಸ್ ಬಾಲ್‌ಗೆ ತಲುಪುವುದೇ ಇಲ್ಲ, ಇಬ್ಬರೂ ಯಾವುದಕ್ಕೆ ಜಗಳ? ಪೆರ್ಲದವರೇ, ಎದುರು ಚಕ್ರ ಎಡ ಬಲ ತಿರುಗುವ ಕೀಲು, ಕಿಂಗ್‌ಪಿನ್, ಅದರ ಬುಶ್ ನೋಡಿದ್ದೀರಾ? ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುವಾಗ ಚಕ್ರ ಕೂರುವ ಗಿಡ್ಡ ಸ್ಟಬ್ ಆಕ್ಸಲೂ ಜೊತೆಗೆ ಅಲುಗಿದರೆ ಲೊಡಕ್ ಅನ್ನುವುದು ಅದು.

ಮುಳ್ಳೇರಿಯ: ಹಾಗಾದರೆ ನನ್ನ ಹಬ್ಬಿಗೆ ಬೈದವರು ಈಗ ಏನು ಹೇಳ್ತೀರಿ?

ಕುಂಬಳೆ: ಚುಕ್ಕೆ ತಪ್ಪೇ.