‘ಸುಟ್ಟುಹೋದ ಅರಮನೆ’ಗೆ ಇಂಗ್ಲಿಷಿನಲ್ಲಿ ಹ್ಯಾಡ್ (had) ಹಾಕಬೇಕಾ, ಬೇಡವಾ?

ಪ್ರಶ್ನೆ (ಮೈಸೂರು):
ಅರಮನೆ ತೋರಿಸುವ ಗೈಡ್‌ಗಳಿಗಾಗಿ ಕನ್ನಡ ಟಿಪ್ಪಣಿಯೊಂದನ್ನು ಇಂಗ್ಲಿಷಿಗೆ ಇಳಿಸುತ್ತಿದ್ದೇನೆ. ‘ಹೂ’ (who), ‘ದಟ್’ (that) ಬಂದ ಕಡೆಯೆಲ್ಲ ಕ್ರಿಯಾಪದದ ಕಾಲ ಯಾವುದೆಂದು ಗೊಂದಲ. ಈ ಎರಡು ಸರಿಯೇ?

‘1912ರಲ್ಲಿ ಕಟ್ಟಿ ಮುಗಿಸಿರುವ ಅರಮನೆ ಇದು’: ದಿಸ್ ಈಸ್ ದ ಪ್ಯಾಲೇಸ್ ದಟ್ ಹ್ಯಾಸ್ ಬೀನ್ ಕಂಪ್ಲೀಟೆಡ್ ಇನ್ 1912.
‘ನಿನ್ನೆ ಬಂದಿದ್ದ ಗೈಡ್ ಇವರೇ’: ದಿಸ್ ಈಸ್ ದ ಗೈಡ್ ಹೂ ಹ್ಯಾಡ್ ಕಮ್ ಯೆಸ್ಟರ್ಡೇ.

ಉತ್ತರ:
ಎರಡೂ ತಪ್ಪು ಸರ್, ಕಾರಣವೂ ಒಂದೇ. ‘ಇರುವ’ ಕಂಡರೆ ಹ್ಯಾಸ್, ‘ಇದ್ದ’ ಕಂಡರೆ ಹ್ಯಾಡ್ ಅಂತ ಕೈ ತಾನಾಗಿ ಬರೆದುಬಿಡುತ್ತದೆ.

ಕನ್ನಡದ ‘ಮುಗಿಸಿರುವ’ ಪಕ್ಕದಲ್ಲಿ ಇಸವಿ ಕೂರುತ್ತದೆ, ಇಂಗ್ಲಿಷಿನ ಹ್ಯಾಸ್ ಪಕ್ಕ ಕೂರುವುದಿಲ್ಲ. ಇಸವಿ, ನಿನ್ನೆ, ಹೋದ ವಾರ ಇವು ಕಂಡರೆ ಹ್ಯಾಸ್ ತೆಗೆಯಿರಿ: ದಟ್ ವಾಸ್ ಕಂಪ್ಲೀಟೆಡ್ ಇನ್ 1912.

ಹ್ಯಾಡ್‌ಗೆ ಆಧಾರವಾಗಿ ಆಗಿಹೋದ ಇನ್ನೊಂದು ಘಟನೆ ಬೇಕು. ಹ್ಯಾಡ್ ಹಾಕುವ ಘಟನೆ ಅದಕ್ಕಿಂತ ಮೊದಲಿನದಾಗಿರಬೇಕು. ‘ಇವರೇ’ ಅನ್ನುವುದು ಈಗಿನ ಮಾತು. ಹಾಗಾಗಿ ಹೂ ಕೇಮ್ ಯೆಸ್ಟರ್ಡೇ ಸಾಕು. ‘ನಿನ್ನೆ ಮಂಡ್ಯಕ್ಕೆ ಹೋಗಿದ್ದೆ’ ಅಂದರೆ ನಮಗೆ ಹೋಗಿ ಬಂದಾಯಿತು ಎಂದಷ್ಟೇ. ಅದನ್ನೇ ಐ ಹ್ಯಾಡ್ ಗಾನ್ ಅಂದರೆ ಕೇಳುವವರು ‘ಹೋಗಿದ್ದಾಗ ಏನಾಯಿತು?’ ಅಂತ ಕಾಯುತ್ತಾರೆ.

ಮರುಪ್ರಶ್ನೆ:
‘1897ರಲ್ಲಿ ಸುಟ್ಟುಹೋದ ಮರದ ಅರಮನೆಯ ಬದಲಿಗೆ ಹೊಸದನ್ನು ಕಟ್ಟಿದರು’. ಇಲ್ಲಿ ಕನ್ನಡದಲ್ಲಿ ‘ಇದ್ದ’ ಇಲ್ಲವೇ ಇಲ್ಲ. ಹ್ಯಾಡ್ ಬೇಡವೇ?

ಉತ್ತರ:
ಇಲ್ಲಿ ಹಾಕಿ. ಕಟ್ಟಿದ್ದು ಆಗಿಹೋದದ್ದು, ಸುಟ್ಟಿದ್ದು ಅದಕ್ಕೂ ಮೊದಲು: ದೇ ಬಿಲ್ಟ್ ಎ ನ್ಯೂ ಪ್ಯಾಲೇಸ್ ಇನ್ ಪ್ಲೇಸ್ ಆಫ್ ದ ವುಡನ್ ಒನ್ ದಟ್ ಹ್ಯಾಡ್ ಬರ್ನ್ಟ್ ಡೌನ್ ಇನ್ 1897. ಹ್ಯಾಡ್ ಜೊತೆ ಇಸವಿಗೆ ಅಡ್ಡಿಯಿಲ್ಲ. ಯಾವುದು ಮೊದಲೆಂದು ಇಲ್ಲಿ ಹೇಗೂ ಗೊತ್ತಾಗುವುದರಿಂದ ಬರೀ ಬರ್ನ್ಟ್ ಡೌನ್ ಅಂದರೂ ತಪ್ಪಲ್ಲ.

ಇನ್ನೊಬ್ಬರು (ಮಂಡ್ಯ):
ಹ್ಯಾಡ್ ಬಿಟ್ಟರೆ ಅರ್ಥ ತೂಗಾಡುವ ಜಾಗವೂ ಇದೆ. ಐ ಮೆಟ್ ದ ಡ್ರೈವರ್ ಹೂ ಡ್ರೋವ್ ಅಸ್ ಟು ಕೆಆರ್‌ಎಸ್. ಭೇಟಿ ಮೊದಲೋ, ಕೆಆರ್‌ಎಸ್‌ಗೆ ಹೋದದ್ದು ಮೊದಲೋ ತಿಳಿಯದು. ಹೂ ಹ್ಯಾಡ್ ಡ್ರಿವನ್ ಅಂದರೆ ಹೋಗಿ ಬಂದ ಮೇಲೆ ಸಿಕ್ಕವನು.

ಅನುಮಾನ ಬಂದರೆ ಕನ್ನಡ ವಾಕ್ಯಕ್ಕೆ ‘ಅದಕ್ಕೂ ಮೊದಲೇ’ ಸೇರಿಸಿ ಓದಿ. ‘ಅದಕ್ಕೂ ಮೊದಲೇ ಸುಟ್ಟುಹೋದ ಅರಮನೆಯ ಬದಲಿಗೆ ಕಟ್ಟಿದರು’ ಒಗ್ಗುತ್ತದೆ. ‘ಅದಕ್ಕೂ ಮೊದಲೇ ಬಂದಿದ್ದ ಗೈಡ್ ಇವರೇ’ ಅಂದಾಗ ಯಾವುದಕ್ಕಿಂತ ಮೊದಲು? ವಾಕ್ಯದಲ್ಲಿ ಅದಕ್ಕೆ ಉತ್ತರವಿಲ್ಲ, ಹ್ಯಾಡ್ ಬೇಡ.